ನೀರು ಎಲ್ಲಿ ಹೋಗುತ್ತಿದೆ ಎಂದು ತಿಳಿಯುವ ಮೊದಲು ಹೆಡ್ ಬಿಚ್ಚಿಸಬೇಡಿ

ನಿಮ್ಮ ಪ್ರಶ್ನೆಯಿಂದ ನನಗೆ ತಿಳಿದದ್ದು ಇಷ್ಟು. 2003ರ ಪೆಟ್ರೋಲ್ ಕಾರು, 1,20,000 ಕಿಲೋಮೀಟರ್ ಓಡಿದೆ. ವಾರಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರ್ ಕೂಲೆಂಟ್ (ಎಂಜಿನನ್ನು ತಂಪಾಗಿಡುವ ದ್ರವ, ಮಾತಿನಲ್ಲಿ ‘ನೀರು’) ಕಾಣೆಯಾಗುತ್ತಿದೆ, ಆದರೆ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಇಲ್ಲ. ಚಿಕ್ಕಮಗಳೂರು ಪೇಟೆಯೊಳಗೆ ಓಡಾಡುವಾಗ ತೊಂದರೆಯಿಲ್ಲ. ಉಜಿರೆಯಿಂದ ವಾಪಸು ಬರುತ್ತಾ ಚಾರ್ಮಾಡಿ ಘಾಟಿ ಹತ್ತುವಾಗ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಒಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಪ್ಯಾಕಿಂಗ್) ಹೋಗಿದೆ, 18,000 ರೂಪಾಯಿ ಆಗುತ್ತದೆ ಎಂದಿದ್ದಾರೆ. ಇನ್ನೊಬ್ಬರು ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ಕಿತ್ತುಹಾಕಿ, ಎಲ್ಲ ಸರಿಹೋಗುತ್ತದೆ ಎಂದಿದ್ದಾರೆ. ಅಲ್ಲಿಯವರೆಗೆ ನೀವು ಮನೆಯ ಬೋರ್‌ವೆಲ್ ನೀರು ತುಂಬಿಸಿಕೊಂಡು ಓಡಿಸುತ್ತಿದ್ದೀರಿ. ಬರುವ ಶನಿವಾರ ತಂದೆತಾಯಿಯನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಬಹುದೇ ಎಂಬುದು ಕೊನೆಯ ಪ್ರಶ್ನೆ.

ನಾನು ಮೆಕ್ಯಾನಿಕ್ ಅಲ್ಲ. ಹಾಸನದಲ್ಲಿದ್ದುಕೊಂಡು 1999ರ ಒಂದು ಸಣ್ಣ ಪೆಟ್ರೋಲ್ ಕಾರನ್ನು 17 ವರ್ಷ ಸಾಕಿದವನು. ಇದೇ ಕಾಯಿಲೆಗೆ ಒಮ್ಮೆ ತಪ್ಪು ಔಷಧ ಮಾಡಿಸಿ ಹಣ ಕಳೆದುಕೊಂಡಿದ್ದೇನೆ. ಆ ಕಥೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದು ನಿಮ್ಮ ಕಥೆಯನ್ನೇ ಹೋಲುತ್ತದೆ.

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಹತ್ತುತ್ತಿದ್ದೆ. ಮಾರನಹಳ್ಳಿಗೆ ಇನ್ನೂ ದೂರವಿರುವಾಗಲೇ ಮುಳ್ಳು ಮೇಲೇರಿತು, ಬಾನೆಟ್ ಸಂದಿಯಿಂದ ಹಬೆ ಬಂತು. ತಣ್ಣಗಾದ ಮೇಲೆ ನೋಡಿದರೆ ರೇಡಿಯೇಟರಿನಲ್ಲಿ ಒಂದೂವರೆ ಲೀಟರ್ ನೀರು ಕಡಿಮೆ. ಕೆಳಗೆ ತೇವವಿಲ್ಲ, ಪೈಪುಗಳು ಒಣಗಿವೆ. ಊರಿನ ಗ್ಯಾರೇಜಿನವರು ಎರಡು ನಿಮಿಷ ನೋಡಿ, ‘ಹೊರಗೆ ಸೋರುತ್ತಿಲ್ಲ ಎಂದರೆ ಒಳಗೆ ಸೋರುತ್ತಿದೆ, ಹೆಡ್ ಪ್ಯಾಕಿಂಗ್ ಹೋಗಿದೆ’ ಎಂದರು. ತರ್ಕ ಸರಿಯೆನಿಸಿತು. ಹೆಡ್ ಇಳಿಸಿ, ಲೇತ್ ಅಂಗಡಿಯಲ್ಲಿ ಅದರ ಮೈ ಸಮ ಮಾಡಿಸಿ (ಫೇಸಿಂಗ್), ಹೊಸ ಪ್ಯಾಕಿಂಗ್ ಹಾಕಿ ಐದು ದಿನಕ್ಕೆ ಕೊಟ್ಟರು. ಎರಡನೆಯ ವಾರದಲ್ಲಿ ಅದೇ ಘಾಟಿ, ಹೆಚ್ಚುಕಡಿಮೆ ಅದೇ ತಿರುವು, ಅದೇ ಹಬೆ.

ಕೊನೆಗೆ ಗುಟ್ಟು ರಟ್ಟಾದದ್ದು ರೇಡಿಯೇಟರ್ ಬೆಸುಗೆ ಹಾಕುವ ಒಂದು ಸಣ್ಣ ಅಂಗಡಿಯಲ್ಲಿ. ಅಲ್ಲಿನ ಹಿರಿಯರು ರೇಡಿಯೇಟರನ್ನು ಬಿಚ್ಚಿ, ಬಾಯಿಗಳಿಗೆ ರಬ್ಬರ್ ಬಿರಡೆ ಹಾಕಿ, ಒಂದು ಕಡೆಯಿಂದ ಗಾಳಿ ತುಂಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಪಂಕ್ಚರ್ ಅಂಗಡಿಯಲ್ಲಿ ಸೈಕಲ್ ಟ್ಯೂಬನ್ನು ಮುಳುಗಿಸುವ ಹಾಗೆಯೇ. ಮೊದಲು ಏನೂ ಕಾಣಲಿಲ್ಲ. ಗಾಳಿಯನ್ನು ಇನ್ನಷ್ಟು ಏರಿಸಿದಾಗ, ಪ್ಲಾಸ್ಟಿಕ್ ತೊಟ್ಟಿಯೂ ಅಲ್ಯೂಮಿನಿಯಂ ಜಾಲರಿಯೂ ಕೂಡುವ ಅಂಚಿನಲ್ಲಿ ಗುಳ್ಳೆಗಳ ಒಂದು ಸಣ್ಣ ಸಾಲು ಎದ್ದಿತು. ಕೂದಲೆಳೆಯಷ್ಟು ಬಿರುಕು. ತಣ್ಣಗಿದ್ದಾಗ ಮುಚ್ಚಿಕೊಳ್ಳುತ್ತದೆ, ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಬಾಯಿ ಬಿಡುತ್ತದೆ. ಬಂದ ನೀರು ಕಾದ ಲೋಹದ ಮೇಲೆ ಬಿದ್ದು, ಫ್ಯಾನಿನ ಗಾಳಿಗೆ ಹಬೆಯಾಗಿ ಹಾರಿಹೋಗುತ್ತದೆ. ನೆಲಕ್ಕೆ ಹನಿ ಬೀಳುವುದೆಲ್ಲಿಂದ?

ಆದ್ದರಿಂದ ‘ಕೆಳಗೆ ಹನಿಯಿಲ್ಲ, ಹಾಗಾಗಿ ಗ್ಯಾಸ್ಕೆಟ್ಟೇ’ ಎಂಬ ಮಾತನ್ನು ನಂಬಬೇಡಿ. ಹೊರಗಿನ ಸೋರಿಕೆಗಳಲ್ಲಿ ಎಷ್ಟೋ ಹನಿಯನ್ನೇ ತೋರಿಸುವುದಿಲ್ಲ. ಆದರೆ ಕಲೆ ಬಿಟ್ಟುಹೋಗುತ್ತವೆ. ಕೂಲೆಂಟ್ ಒಣಗಿದ ಕಡೆ ಹಸಿರೋ ಗುಲಾಬಿಯೋ ಬಿಳಿಯೋ ಆದ ಪುಡಿಪುಡಿ ಪದರ ಉಳಿಯುತ್ತದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಒಂದು ಟಾರ್ಚ್ ಹಿಡಿದು ಅದನ್ನೇ ಹುಡುಕಿ. ರೇಡಿಯೇಟರಿನ ಎರಡೂ ಅಂಚು, ಪ್ರತಿಯೊಂದು ಹೋಸ್ ಪೈಪಿನ ಕ್ಲಿಪ್ಪಿನ ಕೆಳಗೆ, ವಾಟರ್ ಪಂಪಿನ ಸುತ್ತ. ಪಂಪಿನ ಒಡಲಿನಲ್ಲಿ ಬೇಕೆಂದೇ ಬಿಟ್ಟಿರುವ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಸವೆದರೆ ನೀರು ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಬರಲಿ ಎಂದು. ಆ ತೂತಿನ ಕೆಳಗೆ ಕಣ್ಣೀರು ಇಳಿದಂತಹ ಕಲೆಯಿದ್ದರೆ ಪಂಪಿನ ಆಯುಷ್ಯ ಮುಗಿಯಿತೆಂದೇ ಅರ್ಥ. ಎಂಜಿನ್ ಬ್ಲಾಕಿನ ಬದಿಯಲ್ಲಿ ಬಟ್ಟಲಿನ ಆಕಾರದ ತಗಡಿನ ಬಿರಡೆಗಳನ್ನು ಬಡಿದು ಕೂರಿಸಿರುತ್ತಾರೆ. ಸಾದಾ ನೀರಿನಲ್ಲಿ ಓಡಿದ ಗಾಡಿಗಳಲ್ಲಿ ಅವು ಒಳಗಿನಿಂದ ತುಕ್ಕು ಹಿಡಿದು ತೂತಾಗುವುದುಂಟು. ಅವನ್ನೂ ಬಿಡಬೇಡಿ.

ಕಾರಿನೊಳಗೂ ಒಂದು ಸೋರಿಕೆಯ ಜಾಗವಿದೆ, ಅದನ್ನು ಬಹಳ ಜನ ಮರೆಯುತ್ತಾರೆ. ಹೀಟರಿಗೆಂದು ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ. ಅದು ಸೋರಿದರೆ ಮುಂದಿನ ಸೀಟಿನ ಕಾಲಿನ ಬಳಿ ಕಾರ್ಪೆಟ್ ಒದ್ದೆಯಾಗುತ್ತದೆ, ಗಾಜಿನ ಒಳಮೈಗೆ ಜಿಡ್ಡಿನ ಪೊರೆ ಕಟ್ಟುತ್ತದೆ, ಒಂದು ಬಗೆಯ ಸಿಹಿ ವಾಸನೆ ಬರುತ್ತದೆ. ಏಸಿಯ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡರೂ ಅದೇ ಜಾಗ ಒದ್ದೆಯಾಗುವುದರಿಂದ ಬೆರಳಿಗೆ ತೆಗೆದುಕೊಂಡು ಉಜ್ಜಿ ನೋಡಿ. ಏಸಿಯದಾದರೆ ಬರೀ ನೀರು, ಕೂಲೆಂಟ್ ಜಾರುತ್ತದೆ. ನಾಲಿಗೆಗೆ ಮುಟ್ಟಿಸಿ ನೋಡುವ ಶೂರರೂ ಇದ್ದಾರೆ, ಆ ಸಾಹಸ ಬೇಡ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ.

ಈಗ ರೇಡಿಯೇಟರಿನ ಮುಚ್ಚಳದ ವಿಷಯ. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಭಾಗ ಇದೇ, ಹಾಗಾಗಿಯೇ ಯಾರೂ ಗಮನ ಕೊಡುವುದಿಲ್ಲ. ಇದರ ಕೆಲಸ ಬಾಯಿ ಮುಚ್ಚುವುದಷ್ಟೇ ಅಲ್ಲ, ಒಳಗಿನ ಒತ್ತಡವನ್ನು ಹಿಡಿದಿಡುವುದು. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 0.9 ಎಂದೋ 1.1 ಎಂದೋ ಮುಚ್ಚಳದ ಮೇಲೆಯೇ ಬರೆದಿರುತ್ತದೆ, ಅದು ಒತ್ತಡದ ಮಟ್ಟ. ಪ್ರೆಷರ್ ಕುಕ್ಕರಿನಲ್ಲಿ ನೀರು ಹೆಚ್ಚಿನ ಉಷ್ಣತೆಯವರೆಗೆ ಕುದಿಯದಿರುವ ಹಾಗೆ, ಈ ಒತ್ತಡದಲ್ಲಿ ಸಾದಾ ನೀರೂ 115 ಡಿಗ್ರಿ ದಾಟುವವರೆಗೆ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಹರಿದರೆ ಕುಕ್ಕರ್ ಬೋಗುಣಿಯಾಗುತ್ತದೆ. ನೀವಿರುವ ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಎಷ್ಟೋ ಕಾರುಗಳಲ್ಲಿ ಫ್ಯಾನು ಶುರುವಾಗುವುದೇ ಅದರ ಹತ್ತಿರದ ಉಷ್ಣತೆಗೆ. ಎಂದರೆ ಎಂಜಿನಿನಲ್ಲಿ ಯಾವ ದೋಷವೂ ಇಲ್ಲದೆ, ಮುಚ್ಚಳ ಸತ್ತದ್ದರಿಂದಲೇ ಘಾಟಿಯ ತುದಿಯಲ್ಲಿ ನೀರು ಕುದಿದು ಉಕ್ಕಬಹುದು.

ಮುಚ್ಚಳದ ನಡುವೆ ಇನ್ನೊಂದು ಪುಟ್ಟ ಕವಾಟ ಇದೆ. ಎಂಜಿನ್ ತಣಿದಾಗ ಬದಿಯ ಬಾಟಲಿಯಿಂದ ನೀರನ್ನು ವಾಪಸು ಎಳೆದುಕೊಳ್ಳುವುದು ಅದರ ಮೂಲಕ. ಅದು ಕಚ್ಚಿಕೊಂಡರೆ ಎರಡು ಲಕ್ಷಣ ಕಾಣುತ್ತವೆ: ರಾತ್ರಿ ತಣಿದ ಮೇಲಿನ ಹೋಸ್ ಪೈಪು ಬೆಳಿಗ್ಗೆ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿರುತ್ತದೆ, ಬಾಟಲಿಯಲ್ಲಿ ನೀರು ತುಂಬಿದ್ದರೂ ರೇಡಿಯೇಟರ್ ಖಾಲಿಯಾಗಿರುತ್ತದೆ. ಹೀಗಾಗಿ ಬಾಟಲಿಯ ಗೆರೆ ನೋಡಿ ಸಮಾಧಾನ ಪಡಬೇಡಿ. ಪೂರ್ತಿ ತಣಿದ ಮೇಲೆ ಮುಚ್ಚಳ ತೆಗೆದು ರೇಡಿಯೇಟರಿನ ಬಾಯಿಯಲ್ಲೇ ನೀರು ನೋಡಿ. ಕೆಲವೇ ನೂರು ರೂಪಾಯಿಯ ಮುಚ್ಚಳ. ಅನುಮಾನವಿದ್ದರೂ ಇಲ್ಲದಿದ್ದರೂ ಅದೇ ಅಂಕಿಯ ಹೊಸದೊಂದನ್ನು ಹಾಕಿಬಿಡಿ. ಅಂಕಿ ಹೆಚ್ಚಿರುವುದನ್ನು ಹಾಕಿದರೆ ಇನ್ನೂ ಒಳ್ಳೆಯದೆಂದು ಹಾಕಬೇಡಿ, ಹಳೆಯ ಪೈಪುಗಳು ಆ ಒತ್ತಡ ತಡೆಯುವುದಿಲ್ಲ.

ಇನ್ನು ಬಿಸಿಯ ಪ್ರಶ್ನೆ. ಯಾವಾಗ ಬಿಸಿಯಾಗುತ್ತದೆ ಎನ್ನುವುದೇ ಅರ್ಧ ಉತ್ತರ. ಸಿಗ್ನಲಿನಲ್ಲಿ ನಿಂತಾಗ ಬಿಸಿಯಾಗಿ, ಹೆದ್ದಾರಿಯಲ್ಲಿ ಓಡುವಾಗ ಇಳಿದರೆ ದೋಷ ಫ್ಯಾನಿನದು. ಓಡುವಾಗ ಎದುರುಗಾಳಿಯೇ ಫ್ಯಾನಿನ ಕೆಲಸ ಮಾಡುತ್ತದೆ. ನಿಂತಾಗ ಸರಿಯಿದ್ದು, ಭಾರ ಎಳೆಯುವಾಗ ಮಾತ್ರ ಬಿಸಿಯಾದರೆ ಹುಟ್ಟುವ ಶಾಖವನ್ನು ಹೊರಹಾಕುವ ಶಕ್ತಿ ಸಾಲುತ್ತಿಲ್ಲ ಎಂದರ್ಥ: ನೀರು ಕಡಿಮೆಯಿದೆ, ಇಲ್ಲವೇ ರೇಡಿಯೇಟರ್ ಕಟ್ಟಿಕೊಂಡಿದೆ, ಇಲ್ಲವೇ ಥರ್ಮೋಸ್ಟ್ಯಾಟ್ ಪೂರ್ತಿ ತೆರೆಯುತ್ತಿಲ್ಲ, ಇಲ್ಲವೇ ಪಂಪು ಸರಿಯಾಗಿ ತಳ್ಳುತ್ತಿಲ್ಲ. ನೀವು ಹೇಳಿದ್ದು ಎರಡನೆಯ ಬಗೆ. ಹಾಗಾಗಿ ಫ್ಯಾನಿನ ಮೇಲೆ ನನಗೆ ಅನುಮಾನವಿಲ್ಲ. ಆದರೂ ಒಮ್ಮೆ ಏಸಿ ಹಾಕಿ ಬಾನೆಟ್ ಎತ್ತಿ ನೋಡಿ, ಫ್ಯಾನು ತಿರುಗಬೇಕು.

ನನಗೆ ಹೆಚ್ಚು ಅನುಮಾನ ಇರುವುದು ನಿಮ್ಮ ಬೋರ್‌ವೆಲ್ ನೀರಿನ ಮೇಲೆ. ಬಿಸಿನೀರಿನ ಹಂಡೆಯ ಒಳಗೆ, ಗೀಸರಿನ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುವುದನ್ನು ನೋಡಿಯೇ ಇರುತ್ತೀರಿ. ಅದೇ ಸುಣ್ಣ ರೇಡಿಯೇಟರಿನ ತೆಳು ಕೊಳವೆಗಳ ಒಳಗೂ ಕಟ್ಟುತ್ತದೆ. ಶಾಖ ದಾಟಲು ಬಿಡುವುದಿಲ್ಲ, ದಾರಿಯನ್ನೂ ಕಿರಿದು ಮಾಡುತ್ತದೆ. ಮೇಲಾಗಿ ಪ್ರತಿ ವಾರ ಅರ್ಧ ಲೀಟರ್ ನೀರು ಸುರಿಯುತ್ತಾ ಬಂದರೆ ಕೆಲವು ತಿಂಗಳಲ್ಲಿ ಕೂಲೆಂಟ್ ಎಂಬುದು ಹೆಸರಿಗೆ ಮಾತ್ರ ಉಳಿದಿರುತ್ತದೆ. ತುಕ್ಕು ತಡೆಯುವ ಗುಣವೂ ಹೋಯಿತು, ಕುದಿಯುವ ಮಟ್ಟವನ್ನು ಏರಿಸುವ ಗುಣವೂ ಹೋಯಿತು. ತೀರಾ ಅನಿವಾರ್ಯವಾದರೆ ಪೆಟ್ರೋಲ್ ಬಂಕಿನಲ್ಲಿ ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ನೀರಿನ ಕ್ಯಾನು ಇಟ್ಟುಕೊಳ್ಳಿ.

ರೇಡಿಯೇಟರ್ ಕಟ್ಟಿಕೊಂಡಿದೆಯೇ ಎಂದು ನೋಡುವುದು ಕಷ್ಟವಲ್ಲ. ಎಂಜಿನ್ ಬಿಸಿಯಾಗಿ ಫ್ಯಾನು ಒಮ್ಮೆ ಓಡಿ ನಿಂತ ಮೇಲೆ ಎಂಜಿನ್ ಆರಿಸಿ, ಕೀಲಿ ತೆಗೆದು, ರೇಡಿಯೇಟರಿನ ಮುಖದ ಹತ್ತಿರ ಅಂಗೈ ಹಿಡಿದು ಸರಿಸುತ್ತಾ ಹೋಗಿ. ಮುಟ್ಟಬೇಡಿ, ಬಿಸಿ ಸೋಕಿದರೆ ಸಾಕು. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ನಿಧಾನವಾಗಿ ಇಳಿಯಬೇಕು. ನಡುವೆ ಎಲ್ಲಾದರೂ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿ ನೀರು ಹರಿಯುತ್ತಿಲ್ಲ. ದೂರದಿಂದಲೇ ಉಷ್ಣತೆ ತೋರಿಸುವ ಇನ್ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಸುಲಭ. ಕೊರೋನಾ ಕಾಲದಲ್ಲಿ ಕೊಂಡ ಹಣೆಯ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಅದರ ಅಳತೆ ಮೈಬಿಸಿಗೆ ಮಾತ್ರ. ಹೊರಮೈಯನ್ನೂ ನೋಡಿ: ಏಸಿಯ ಕಂಡೆನ್ಸರಿಗೂ (ರೇಡಿಯೇಟರಿನ ಮುಂದಿರುವ ಏಸಿಯ ಜಾಲರಿ) ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಹುಳು, ಎಲೆಪುಡಿ, ಮಳೆಗಾಲದ ಕೆಸರು ಸೇರಿ ಕಂಬಳಿಯಂತೆ ಕೂತಿರುತ್ತದೆ. ನೀರು ಹೊಡೆದು ತೊಳೆಯುವುದಾದರೆ ಎಂಜಿನ್ ಕಡೆಯಿಂದ ಹೊರಕ್ಕೆ, ಮೆಲ್ಲಗೆ. ಸರ್ವಿಸ್ ಸ್ಟೇಷನ್ನಿನ ಜೋರು ಪೈಪು ಹಿಡಿದರೆ ತೆಳು ರೆಕ್ಕೆಗಳೆಲ್ಲ ಮಲಗಿಬಿಡುತ್ತವೆ.

ಸೋರಿಕೆ ನಿಲ್ಲಿಸಲು ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಲಾರಿಯವರ ಹಳೆಯ ಉಪಾಯ ಅದು. ಕಾಡಿನ ನಡುವೆ ಸಿಕ್ಕಿಬಿದ್ದಾಗ ಊರು ಮುಟ್ಟಿಸಬಹುದು. ನನ್ನ ಗಾಡಿಗೂ ಹಿಂದಿನ ಒಡೆಯರು ಧಾರಾಳವಾಗಿ ಹಾಕಿದ್ದರೆಂದು ಕಾಣುತ್ತದೆ. ಆ ರೇಡಿಯೇಟರ್ ಅಂಗಡಿಯಲ್ಲಿ ಕೊಳವೆಗಳನ್ನು ತೊಳೆದಾಗ ಹಳದಿ ಕೆಸರು ಬಂದದ್ದನ್ನು ನೋಡಿ ಹಿರಿಯರು, ‘ಸಾರಿಗೆ ಒಗ್ಗರಣೆ ಒಂದು ಬಾಕಿ’ ಎಂದರು. ತೂತು ಮುಚ್ಚುವ ಪುಡಿಗೆ ಯಾವುದು ತೂತು, ಯಾವುದು ದಾರಿ ಎಂಬುದು ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವ ಸೋರಿಕೆ ಮದ್ದಿಗೂ ಇದೇ ಮಾತು.

ಥರ್ಮೋಸ್ಟ್ಯಾಟ್ ತೆಗೆದುಹಾಕುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಅನುಮಾನವಿದ್ದರೆ ಬಿಚ್ಚಿ, ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು ಒಲೆಯ ಮೇಲಿಟ್ಟು ನೋಡಿ. ಮೇಲೆ 82 ಎಂದೋ 88 ಎಂದೋ ಕೊರೆದಿರುತ್ತದೆ; ಆ ಉಷ್ಣತೆಯಲ್ಲಿ ತೆರೆಯಲು ಶುರುವಾಗಿ, ನೀರು ಕುದಿಬರುವ ಹೊತ್ತಿಗೆ ಅಗಲವಾಗಿ ತೆರೆದಿರಬೇಕು. ತೆರೆಯದಿದ್ದರೆ ಹೊಸದು ಹಾಕಿ. ಸುಮ್ಮನೆ ತೆಗೆದುಬಿಟ್ಟರೆ ಎಂಜಿನ್ ತನಗೆ ಬೇಕಾದ ಬಿಸಿಗೆ ಬರುವುದೇ ಇಲ್ಲ. ನಿಮ್ಮದು ಇಂಜೆಕ್ಷನ್ ಗಾಡಿಯಾದ್ದರಿಂದ (ಪೆಟ್ರೋಲ್ ಎಷ್ಟು ಎಂದು ಕಂಪ್ಯೂಟರೇ ಅಳೆದು ಬಿಡುವ ಬಗೆ) ಕಂಪ್ಯೂಟರ್ ‘ಇನ್ನೂ ತಣ್ಣಗಿದೆ’ ಎಂದುಕೊಂಡು ಪೆಟ್ರೋಲ್ ಹೆಚ್ಚು ಸುರಿಯುತ್ತಲೇ ಇರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ದಿನನಿತ್ಯದ ಓಡಾಟದಲ್ಲಿ ಮುಳ್ಳು ಕೆಳಗಿರುವುದನ್ನು ನೋಡಿ ಕಾಯಿಲೆ ವಾಸಿಯಾಯಿತೆಂದು ನೀವು ನಂಬುತ್ತೀರಿ, ಘಾಟಿಯಲ್ಲಿ ಅದು ಮತ್ತೆ ಬರುತ್ತದೆ.

ಮುಳ್ಳನ್ನು ನಂಬುವುದಕ್ಕೂ ಒಂದು ಮಿತಿ ಇದೆ. ಉಷ್ಣತೆ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿ ಹೇಳುತ್ತದೆ. ನೀರು ಪೂರ್ತಿ ಹೋಗಿ ಸೆನ್ಸರ್ ಬರೀ ಹಬೆಯಲ್ಲಿ ನಿಂತಾಗ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿಯಬಹುದು. ಘಾಟಿಯಲ್ಲಿ ಏರಿದ ಮುಳ್ಳು ಕಾರಣವಿಲ್ಲದೆ ಧೊಪ್ಪನೆ ಬಿದ್ದರೆ ಅದು ಶುಭಸೂಚನೆಯಲ್ಲ, ಆ ಕ್ಷಣವೇ ನಿಲ್ಲಿಸಿ ಎಂಜಿನ್ ಆರಿಸಿ.

ಈಗ ಗ್ಯಾಸ್ಕೆಟ್. ಅದು ಹೋಗಿರಲು ಸಾಧ್ಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನೀವು ಕೆಂಪು ಗೆರೆ ಮುಟ್ಟಿಸಿಕೊಂಡು ಎಷ್ಟು ಸಲ ಓಡಿಸಿದ್ದೀರೋ, ಅಲ್ಯೂಮಿನಿಯಂ ಹೆಡ್ ಅಷ್ಟು ಸಲ ಬಾಗಲು ನೋಡಿರುತ್ತದೆ. ಮೊದಲು ನೀರು ಸೋರಿ, ಅದರಿಂದ ಬಿಸಿಯಾಗಿ, ಬಿಸಿಯಿಂದ ಗ್ಯಾಸ್ಕೆಟ್ ಹೋಗುವುದು ಮಾಮೂಲು ಕ್ರಮ. ಅದಕ್ಕೇ ಗ್ಯಾಸ್ಕೆಟ್ ನಿಜವಾಗಿಯೂ ಹೋಗಿದ್ದರೂ ಮೊದಲಿನ ಸೋರಿಕೆಯನ್ನು ಹುಡುಕದಿದ್ದರೆ ಹೊಸ ಗ್ಯಾಸ್ಕೆಟ್ಟೂ ಉಳಿಯುವುದಿಲ್ಲ. ನೋಡುವ ಬಗೆ ಹೀಗೆ. ರಾತ್ರಿಯೆಲ್ಲ ತಣಿದ ಎಂಜಿನ್ ಮೇಲೆ ಮುಚ್ಚಳ ತೆಗೆದು, ಬಾಯಿವರೆಗೆ ನೀರು ತುಂಬಿಸಿ, ಸ್ಟಾರ್ಟ್ ಮಾಡಿ. ಮೊದಲ ನಿಮಿಷದಲ್ಲಿ ಒಂದೆರಡು ಗುಳ್ಳೆ ಬಂದರೆ ಚಿಂತೆಯಿಲ್ಲ, ಅದು ಒಳಗೆ ಸಿಕ್ಕಿದ್ದ ಗಾಳಿ. ಸೋಡಾ ಬಾಟಲಿಯಂತೆ ಬಿಡದೆ ಏಳುತ್ತಿದ್ದರೆ, ಎಕ್ಸಿಲರೇಟರ್ ಒತ್ತಿದಾಗ ಇನ್ನೂ ಹೆಚ್ಚಿದರೆ, ಸಿಲಿಂಡರಿನ ಹೊಗೆ ನೀರಿಗೆ ಬರುತ್ತಿದೆ. ಅಥವಾ ಮುಚ್ಚಳ ಹಾಕಿಯೇ ಸ್ಟಾರ್ಟ್ ಮಾಡಿ ಮೇಲಿನ ಹೋಸ್ ಪೈಪನ್ನು ಹಿಸುಕಿ ನೋಡಿ. ನೀರಿನ್ನೂ ಬಿಸಿಯಾಗುವ ಮೊದಲೇ ಕಲ್ಲಿನಂತಾಗಿದ್ದರೆ ಅದೂ ಅದೇ ಸಾಕ್ಷಿ. ಸೈಲೆನ್ಸರಿನಿಂದ ಬೆಳಿಗ್ಗೆ ಬರುವ ಬಿಳಿ ಹೊಗೆ ಮಲೆನಾಡಿನ ಚಳಿಯಲ್ಲಿ ಎಲ್ಲ ಗಾಡಿಗೂ ಬರುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆಯೊಂದಿಗೆ ಬಂದರೆ ಮಾತ್ರ ಲೆಕ್ಕಕ್ಕೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಸ್ವಲ್ಪ ಹಾಲುಬಣ್ಣದ ನೊರೆ ಕಂಡರೆ ಹೆದರಬೇಡಿ, ಹತ್ತಿರ ಹತ್ತಿರದ ಓಡಾಟದ ಗಾಡಿಗಳಲ್ಲಿ ತೇವದಿಂದ ಹಾಗಾಗುತ್ತದೆ. ಆಯಿಲ್ ನೋಡುವ ಕಡ್ಡಿಯಲ್ಲೇ ಹಾಲು ಕಾಫಿಯ ಬಣ್ಣವಿದ್ದರೆ ಹೆದರಿ.

ಇದಕ್ಕಿಂತ ಖಚಿತವಾದ ಪರೀಕ್ಷೆಗಳು ಎರಡಿವೆ. ಒಂದು, ರೇಡಿಯೇಟರ್ ಬಾಯಿಗೆ ಕೈಪಂಪು ಸಿಕ್ಕಿಸಿ ಮುಚ್ಚಳದ ಮೇಲಿನ ಅಂಕಿಯಷ್ಟೇ ಒತ್ತಡ ಏರಿಸಿ ಕಾಲು ಗಂಟೆ ಬಿಡುವುದು. ಅಂಕಿ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ. ಎಂಜಿನ್ ನಿಂತಿರುವುದರಿಂದ ನೀರು ಹಬೆಯಾಗಿ ಹಾರಿಹೋಗದೆ ಸೋರುವ ಜಾಗ ಕಣ್ಣಿಗೆ ಬೀಳುತ್ತದೆ. ಇನ್ನೊಂದು, ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುವುದು. ಸಿಲಿಂಡರಿನ ಹೊಗೆ ಬೆರೆತಿದ್ದರೆ ಪೆಟ್ರೋಲ್ ಗಾಡಿಯಲ್ಲಿ ಆ ನೀಲಿ ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚಬೇಕೆಂದ ಮೆಕ್ಯಾನಿಕ್ ಬಳಿ ‘ಒತ್ತಡದ ಪರೀಕ್ಷೆ ಮಾಡಿದ್ದೀರಾ?’ ಎಂದು ಮರ್ಯಾದೆಯಿಂದಲೇ ಕೇಳಿ. ‘ಅದೆಲ್ಲ ಬೇಡ, ಅನುಭವದಿಂದ ಗೊತ್ತಾಗುತ್ತದೆ’ ಎಂದರೆ ಕೀಲಿ ವಾಪಸು ಇಸಿದುಕೊಳ್ಳಿ. ನಾನು ಆ ದಿನ ಇಸಿದುಕೊಳ್ಳಲಿಲ್ಲ.

ದೋಷ ಸಿಕ್ಕು ಸರಿಯಾದ ಮೇಲೆ ಹೊಸ ಕೂಲೆಂಟ್ ಹಾಕುವಾಗ ಕ್ಯಾನಿನ ಮೇಲೆ ಬರೆದದ್ದನ್ನು ಓದಿ. ನೇರವಾಗಿ ಸುರಿಯುವಂಥದ್ದೂ ಇದೆ, ನೀರು ಬೆರೆಸಬೇಕಾದ ಗಟ್ಟಿಯದೂ ಇದೆ. ಬಣ್ಣ ನೋಡಿ ಆರಿಸಬೇಡಿ. ಬಣ್ಣ ಕಂಪನಿಯಿಂದ ಕಂಪನಿಗೆ ಬೇರೆ, ಕಾರಿನ ಕೈಪಿಡಿ ಹೇಳಿದ ಬಗೆಯೇ ಮುಖ್ಯ. ತುಂಬಿಸುವಾಗ ಗಾಡಿಯ ಮೂತಿ ಏರಿನ ಕಡೆಗಿರಲಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಮುಚ್ಚಳ ತೆರೆದೇ ಸ್ಟಾರ್ಟ್ ಮಾಡಿ, ನೀರು ಇಳಿದಂತೆಲ್ಲ ತುಂಬಿಸುತ್ತಾ ಫ್ಯಾನು ಎರಡು ಸಲ ಓಡಿ ನಿಲ್ಲುವವರೆಗೆ ಬಿಡಿ. ಉಕ್ಕಿಬರಬಹುದು, ಮುಖ ದೂರ ಇಟ್ಟುಕೊಳ್ಳಿ. ಒಳಗೆ ಗಾಳಿ ಉಳಿದರೆ ಎಲ್ಲ ರಿಪೇರಿಯ ನಂತರವೂ ಬಿಸಿಯಾಗಿ ನಿಮಗೆ ಹುಚ್ಚು ಹಿಡಿಸುತ್ತದೆ. ಕೆಳಗೆ ಬಿಟ್ಟ ಹಳೆಯ ಕೂಲೆಂಟನ್ನು ಅಂಗಳದಲ್ಲಿ ಇಡಬೇಡಿ, ಸಿಹಿಯೆಂದು ನಾಯಿಗಳು ನೆಕ್ಕಿ ಸಾಯುತ್ತವೆ.

ದಾರಿಯಲ್ಲಿ ಬಿಸಿಯೇರಿದರೆ ಏಸಿ ಆರಿಸಿ, ಹೀಟರನ್ನು ಪೂರ್ತಿ ಹಾಕಿ. ಕಿಟಕಿ ತೆಗೆದುಕೊಂಡು ಬೆವರಿದರೂ ಪರವಾಗಿಲ್ಲ, ಎಂಜಿನಿನ ಬಿಸಿಯಲ್ಲಿ ಒಂದು ಪಾಲು ನಿಮ್ಮ ಕಾಲಿಗೆ ಬರುತ್ತದೆ. ಮೇಲಿನ ಗೇರಿನಲ್ಲಿ ಮುಕ್ಕಿರಿಯುತ್ತಾ ಹತ್ತಬೇಡಿ. ಎರಡನೆಯ ಗೇರಿಗೆ ಇಳಿದರೆ ಎಂಜಿನ್ ಚುರುಕಾಗಿ ತಿರುಗಿ ಪಂಪೂ ಹೆಚ್ಚು ನೀರು ತಳ್ಳುತ್ತದೆ. ಹಬೆ ಕಂಡರೆ ಮಾತ್ರ ಇದ್ಯಾವುದೂ ಬೇಡ, ನಿಲ್ಲಿಸಿ ಆರಿಸಿಬಿಡಿ. ಮುಚ್ಚಳಕ್ಕೆ ಮುಕ್ಕಾಲು ಗಂಟೆ ಕೈ ಹಾಕಬೇಡಿ. ಬಿಸಿ ಎಂಜಿನಿಗೆ ಝರಿಯ ತಣ್ಣೀರು ಸುರಿದು ಹೆಡ್ ಸೀಳಿಸಿಕೊಂಡವರಿದ್ದಾರೆ.

ಶನಿವಾರದ ಬಗ್ಗೆ: ಬೇಡ. ಮುಚ್ಚಳ ಬದಲಿಸಿ, ಒತ್ತಡದ ಪರೀಕ್ಷೆ ಮಾಡಿಸಿ, ಅದು ಕಾಲು ಗಂಟೆ ನಿಂತಿತೆಂದರೂ ಮೊದಲು ಮೂಡಿಗೆರೆಯವರೆಗೆ ಒಬ್ಬರೇ ಹೋಗಿ ಬಂದು, ಮರುದಿನ ಬೆಳಿಗ್ಗೆ ರೇಡಿಯೇಟರ್ ಬಾಯಿಯಲ್ಲಿ ನೀರು ಎಷ್ಟಿದೆ ನೋಡಿ. ಇಷ್ಟೆಲ್ಲ ಶನಿವಾರದೊಳಗೆ ಆಗುವುದಿಲ್ಲ. ಇಳಿಯುವಾಗ ಏನೂ ಆಗುವುದಿಲ್ಲ, ನಿಮಗೆ ಧೈರ್ಯ ಬರುತ್ತದೆ; ಸಂಜೆ ಮಂಜು ಕವಿದ ಮೇಲೆ ವಯಸ್ಸಾದ ತಂದೆತಾಯಿಯನ್ನು ಕೂರಿಸಿಕೊಂಡು ಅದೇ ತಿರುವುಗಳನ್ನು ಹತ್ತಬೇಕಾಗುತ್ತದೆ. ಈ ಸಲ ಬಸ್ಸಿನಲ್ಲಿ ಹೋಗಿಬನ್ನಿ. ಕಾರನ್ನು ಅಷ್ಟರೊಳಗೆ ರೇಡಿಯೇಟರ್ ಅಂಗಡಿಗೆ ಬಿಡಿ, ಮತ್ತು ಗುಳ್ಳೆ ಎಲ್ಲಿಂದ ಎದ್ದಿತೆಂದು ಇಲ್ಲಿಯೇ ಬಂದು ಬರೆಯಿರಿ.